ಪಿಂಜಾರರ ಮಗಳ ತಿಪ್ಪೆ

ಹತ್ತಿಗೆ ನೀರು ತಾಗಬಾರದು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ. ವಿಜಾಪುರದಲ್ಲಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಮ್ಮದು ಪಿಂಜಾರರ ಮನೆ. ಅಪ್ಪ ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬಿ ಕೊಡುತ್ತಿದ್ದ. ಆಕಾಶದಲ್ಲಿ ಅಂಗೈಯಗಲದ ಮೋಡ ಕಂಡರೂ ಸಾಕು, ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಅಂಗಳದ ಹತ್ತಿಯನ್ನೆಲ್ಲ ಬಾಚಿ ಒಳಗೆ ಹಾಕುತ್ತಿದ್ದ. ಆ ಗಡಿಬಿಡಿಯಲ್ಲಿ ನಾವು ಮಕ್ಕಳು ಮಳೆಗೆ ತೊಯ್ದರೆ ಕೇಳುವವರಿಲ್ಲ. "ಮಕ್ಕಳು ಒಣಗ್ತಾವ, ಹತ್ತಿ ಒಣಗಂಗಿಲ್ಲ" ಎನ್ನುತ್ತಿದ್ದ. ತೊಯ್ದ ಹತ್ತಿ ಗಂಟುಗಟ್ಟುತ್ತದೆ, ಮುಗ್ಗಲು ಹಿಡಿಯುತ್ತದೆ, ಹಸಿಯಿದ್ದಾಗಲೇ ಒಟ್ಟಿದರೆ ಒಳಗೊಳಗೇ ಕಾದು ಬೆಂಕಿಯೂ ಹತ್ತುತ್ತದೆ ಎಂದು ಅವನು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಇಂಥ ಮನೆಯ ಮಗಳು ಮುಂದೆ ಗಾಡಿಗಟ್ಟಲೆ ಹತ್ತಿ ಕಸವನ್ನು ಬೇಕೆಂದೇ ಕೊಳೆಸಿ ಊರ ಬಾಯಿಗೆ ಬಿದ್ದಳು. ಆ ಕಥೆಯನ್ನು ನಾನೇ ಹೇಳಿದರೆ ಚೆಂದ, ಬೇರೆಯವರು ಉಪ್ಪುಖಾರ ಹಚ್ಚುತ್ತಾರೆ.

ಎಪ್ಪತ್ತರ ದಶಕದ ಆ ದೊಡ್ಡ ಬರ ಮುಗಿದ ಮೇಲೆ ನಾನು ತಿಕೋಟಾಕ್ಕೆ ಸೊಸೆಯಾಗಿ ಹೋದೆ. ಮಾವನ ಮನೆಯವರೂ ಹುಟ್ಟಿನಿಂದ ಪಿಂಜಾರರೇ, ಆದರೆ ಅಜ್ಜನ ಕಾಲಕ್ಕೇ ಹಿಂಜುವ ಬಿಲ್ಲನ್ನು ಅಟ್ಟಕ್ಕೇರಿಸಿ ಕೂರಿಗೆ ಹಿಡಿದವರು. ಮಾವನಿಗೆ ಮೂರು ಗಂಡುಮಕ್ಕಳು, ನನ್ನ ಗಂಡ ಎಲ್ಲರಿಗಿಂತ ಕಿರಿಯ. ಡೋಣಿ ಹೊಳೆಯ ಕಡೆ ಅವರಿಗೆ ಕರಿ ಎರೆ ಭೂಮಿ ಇತ್ತು. "ಡೋಣಿ ಬೆಳೆದರ ಓಣೆಲ್ಲ ಜ್ವಾಳ" ಎಂದು ನಮ್ಮ ಕಡೆ ಸುಮ್ಮನೆ ಅನ್ನುವುದಿಲ್ಲ. ಆ ಎರೆಯನ್ನು ದೊಡ್ಡವರಿಬ್ಬರು ಉಳುತ್ತಿದ್ದರು. ಕಿರಿಯನ ಪಾಲಿಗೆ ಉಳಿದದ್ದು ಅಥಣಿ ರಸ್ತೆಯ ಮೇಲ್ಗಡೆಯ ಮರಡಿ. ಮರಡಿ ಎಂದರೆ ಗುಡ್ಡದ ಬೆನ್ನು: ಕೆಳಗೆ ಕಲ್ಲು, ಅದರ ಮೇಲೆ ಕೆಂಪು ಗರಸಿನ ಮುರುಮು, ಮುರುಮಿನ ಮೇಲೆ ಬೆರಳು ಮುಳುಗುವಷ್ಟು ಮಣ್ಣು. ಅಲ್ಲಿ ಬಿತ್ತಿದ ಸಜ್ಜೆ ಮೊಣಕಾಲೆತ್ತರಕ್ಕೆ ಬಂದು, ಇಷ್ಟು ಸಾಕು ಅಂದುಕೊಂಡು ನಿಲ್ಲುತ್ತಿತ್ತು. ಮಳೆ ನಿಂತ ನಾಲ್ಕು ದಿನಕ್ಕೆ ಮಣ್ಣು ಹಪ್ಪಳದ ಹಾಗೆ ಒಣಗುತ್ತಿತ್ತು.

ನಾನು ಹೋದ ಹೊಸತರಲ್ಲೇ ರಸ್ತೆ ಕೆಲಸದ ಗುತ್ತೇದಾರನೊಬ್ಬ ಜೀಪಿನಲ್ಲಿ ಬಂದು ಕಟ್ಟೆಯ ಮೇಲೆ ಕೂತ. ರಸ್ತೆಗೆ ಹಾಸಲು ಅವನಿಗೆ ಮುರುಮು ಬೇಕಾಗಿತ್ತು, ನಮ್ಮ ಮರಡಿ ರಸ್ತೆಗೆ ಹತ್ತಿಕೊಂಡೇ ಇತ್ತು. ಅಗೆದು ಒಯ್ಯುತ್ತೇನೆ ಎಂದ. ಮಾವ ಚಹಾದ ಬಸಿ ಕೆಳಗಿಟ್ಟು, "ಬೆಳಿಗೆ ಬರಲಾರದ ಮಣ್ಣು ರಸ್ತೆಗಾದ್ರೂ ಬರ್ಲಿ ಬಿಡ್ರಿ" ಅಂದುಬಿಟ್ಟರು. ನನ್ನ ಗಂಡ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ. ಮಾತು ಕಡಿಮೆಯ ಮನುಷ್ಯ, ಆವತ್ತು ಅಷ್ಟನ್ನೂ ಆಡಲಿಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಅಗೆದ ಮರಡಿ ಮತ್ತೆ ಹೊಲವಾಗುವುದಿಲ್ಲ, ಅದು ತಗ್ಗು. ತಗ್ಗಿನ ಒಡೆಯನಾದ ನನ್ನ ಗಂಡ ಏನು ಮಾಡಬೇಕು? ಅಣ್ಣಂದಿರ ಎರೆಯಲ್ಲಿ ಆಳಾಗಿ ದುಡಿಯಬೇಕು, ಇಲ್ಲವೇ ವಿಜಾಪುರಕ್ಕೆ ಹೋಗಿ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತ ನಮ್ಮಪ್ಪನ ಮನೆಯಲ್ಲಿ ಇರಬೇಕು. ಮನೆಯಳಿಯನ ಮರ್ಯಾದೆ ಎಂಥದ್ದು ಎಂದು ನಮ್ಮ ಓಣಿಯಲ್ಲೇ ಕಂಡಿದ್ದೆ. ಚಹಾ ಕೇಳಬೇಕಾದರೂ ಅವನು ಎರಡು ಸಲ ಕೆಮ್ಮಬೇಕು. ನನ್ನ ಗಂಡ ಯಾರ ಮನೆಯಲ್ಲೂ ಹಾಗೆ ಕೆಮ್ಮುವುದು ನನಗೆ ಬೇಕಾಗಿರಲಿಲ್ಲ.

ಜೀಪು ಹೋದ ಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಮೂರು ತಿಂಗಳ ಸೊಸೆ ಮಾವನೆದುರು ಬಾಯಿ ತೆರೆಯುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

"ಮಾವಾರ, ಆ ಹೊಲಾ ಕೊಡಬ್ಯಾಡ್ರಿ. ಅದಕ್ಕ ಗೊಬ್ಬರ ಹಾಕಿದ್ರ ಬೆಳಿತೈತಿ."

"ಗೊಬ್ಬರಾ ಎಲ್ಲೈತಿ ಬೇ? ಬರದಾಗ ದನಾನ ಉಳಿಲಿಲ್ಲ. ಇದ್ದ ಹೆಂಡಿ ಎರಿಗೇ ಸಾಲಂಗಿಲ್ಲ."

"ನಾ ತರ್ತೇನ್ರಿ."

ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಅತ್ತು ಒಳಗೆ ಹೋಗುತ್ತಿದ್ದೆನೇನೋ. ಅವರು ನಕ್ಕರು. "ಹಂಗಾರ ಎರಡ ಮಳಿಗಾಲ ನೋಡೂಣು. ಎರಡನೇದ್ರಾಗ ಮರಡಿ ಮ್ಯಾಲ ಬೆಳಿ ಅನ್ನೂವಂಥಾ ಬೆಳಿ ಬರಲಿಲ್ಲಂದ್ರ ಗುತ್ತೇದಾರಗ ಹೂಂ ಅಂತೇನಿ. ಆಮ್ಯಾಲ ಅಳಬಾರ್ದು."

ತರುತ್ತೇನೆ ಎಂದದ್ದು ಬಾಯಿ ಬಡಾಯಿಯಾಗಿರಲಿಲ್ಲ. ವಿಜಾಪುರದ ಗಿರಣಿಗಳಲ್ಲಿ ಹತ್ತಿಯಿಂದ ಕಾಳು ಬಿಡಿಸಿದ ಮೇಲೆ ಉಳಿಯುವ ಕಸ ನನಗೆ ಚೆನ್ನಾಗಿ ಗೊತ್ತಿತ್ತು. ಒಣಗಿದ ಎಲೆಯ ಪುಡಿ, ಕಾಯಿಯ ಸಿಪ್ಪೆ, ಜೊಳ್ಳು ಕಾಳು, ನೂಲಿಗೆ ಬಾರದ ಗಿಡ್ಡ ಎಳೆ, ಎಲ್ಲ ಕೂಡಿದ ಬೂದಿಬಣ್ಣದ ರಾಶಿ ಅದು. ಗಾದಿ ತುಂಬಲೂ ಅದು ಯೋಗ್ಯವಲ್ಲ ಎಂದು ಅಪ್ಪ ಬೈಯುತ್ತಿದ್ದ. ಗಿರಣಿಯವರು ಅದನ್ನು ಹಿತ್ತಲಿಗೆ ಚೆಲ್ಲಿ ಬೆಂಕಿ ಹಚ್ಚುತ್ತಿದ್ದರು. ಹೊಗೆ ವಾರಗಟ್ಟಲೆ ಓಣಿಯಲ್ಲಿ ಮಲಗಿರುತ್ತಿತ್ತು, ನಮ್ಮ ಅಮ್ಮ ಕೆಮ್ಮಿ ಕೆಮ್ಮಿ ಗಿರಣಿಯವರ ಏಳು ತಲೆಮಾರನ್ನು ನೆನೆಯುತ್ತಿದ್ದಳು. ನಾನು ಲೆಕ್ಕ ಹಾಕಿದ್ದು ಇಷ್ಟೇ: ಅದರಲ್ಲಿ ಹೊಲದಿಂದ ಬಾರದ್ದು ಒಂದೂ ಇಲ್ಲ. ಹೊಲದಿಂದ ಬಂದದ್ದು ಹೊಲಕ್ಕೆ ಹೋದರೆ ಹೊಲ ಬೇಡವೆನ್ನುತ್ತದೆಯೇ?

ಸುಗ್ಗಿ ಮುಗಿದು ಮನೆಯ ಹತ್ತಿ ಗಾಡಿ ಏರುವ ಹೊತ್ತಿಗೆ ನನ್ನ ಗಂಡನಿಗೆ ಹೇಳಿಕೊಟ್ಟೆ. ಅಣ್ಣಂದಿರ ಹತ್ತಿಯನ್ನು ಗಿರಣಿಗೆ ಹಾಕಿ ಖಾಲಿ ಬರುವ ಗಾಡಿಯಲ್ಲಿ ಕಸ ತುಂಬಿಕೊಂಡು ಬರಬೇಕು. ಗಿರಣಿಯ ಕಾವಲುಗಾರ, "ಒಯ್ಯೋ ಮಾರಾಯಾ, ನಿನ್ನ ಪುಣ್ಯಾ" ಎಂದು ತಾನೇ ಬುಟ್ಟಿ ಎತ್ತಿಕೊಟ್ಟನಂತೆ. ಆ ಬೇಸಿಗೆಯಲ್ಲಿ ಗಾಡಿಯ ಮೇಲೆ ಗಾಡಿ ಬಂದು ನಮ್ಮ ಹಿತ್ತಲಲ್ಲಿ ಮನೆಯೆತ್ತರದ ರಾಶಿ ಬಿತ್ತು. ಗಾಡಿ ಊರು ಹೊಕ್ಕಾಗ ಎಳೆ ಹಾರಿ ಜಾಲಿ ಮುಳ್ಳಿಗೂ ಹೆಂಗಸರ ತಲೆಗೂ ಹತ್ತಿಕೊಳ್ಳುತ್ತಿತ್ತು.

ನನ್ನ ನಡುವಿನ ನೆಗೆಣ್ಣಿ, ಎರಡನೇ ಭಾವನ ಹೆಂಡತಿ, ಬಬಲೇಶ್ವರದವಳು. ತವರಲ್ಲಿ ಕೊಟ್ಟಿಗೆ ತುಂಬ ದನ, ಬಾಯಿ ತುಂಬ ಮಾತು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ಓಣಿಗೆ ಕೇಳುವ ಹಾಗೆ ಹೇಳಿದಳು: "ಮಂದಿ ತವರಿಂದ ಬಂಗಾರ ತರ್ತಾರ, ನಮ್ಮಾಕಿ ಕಸಾ ತಂದಾಳ ನೋಡ್ರಬೇ!"

"ಕಸದಾಗ ಬಂಗಾರ ಬೆಳಿತೇನಿ, ಅವಾಗ ಕೇಳಾಕ ಬಾ" ಎಂದೆ. ಒಳಗೆ ನನಗೂ ಪುಕುಪುಕು. ಆದರೆ ನೆಗೆಣ್ಣಿಯ ಮುಂದೆ ಹೆದರಿಕೆ ತೋರಿಸಿದ ಸೊಸೆ ಬದುಕಿದ್ದುಂಟೇ?

ಮಿರಗದ ಮುಂಗಾರು ಮಳೆ ಹತ್ತಿರ ಬಂದಾಗ ಅಪ್ಪ ಎರಡು ಹೊಸ ತಲೆದಿಂಬು ಹಿಡಿದು ಮಗಳನ್ನು ನೋಡಲು ಬಂದ. ನಾನೂ ನನ್ನ ಗಂಡನೂ ಬಿತ್ತನೆಗೆ ಹೊಲ ಹಸನು ಮಾಡಲೆಂದು ಡೋಣಿಯ ಕಡೆ ಹೋಗಿದ್ದೆವು. ಪಡುವಣದಲ್ಲಿ ಮೋಡ ಏಳುವುದಕ್ಕೂ ಅಪ್ಪ ಹಿತ್ತಲಿಗೆ ಹೋಗುವುದಕ್ಕೂ ಸರಿಹೋಯಿತು. ಬಯಲಲ್ಲಿ ಅಷ್ಟು ದೊಡ್ಡ ಹತ್ತಿಯ ರಾಶಿ, ಮೇಲೆ ಕರಿಮೋಡ! ಕಸವೋ ಒಳ್ಳೆಯ ಹತ್ತಿಯೋ ಎಂದು ಅವನ ಕಣ್ಣು ನೋಡಲಿಲ್ಲ, ಕೈಗಳು ತಮ್ಮ ಕೆಲಸಕ್ಕೆ ಹೊರಟುಬಿಟ್ಟವು. ಮನೆಯಲ್ಲಿದ್ದ ಗೋಣಿ, ಹಳೆಯ ತಾಡಪತ್ರಿ, ಗಾಡಿಯ ತಟ್ಟು ಎಲ್ಲ ಎಳೆದು ತಂದು ಹೊದಿಸಿದ. ಅಂಚಿಗೆ ಕಲ್ಲು ಹೇರಿದ. ಗೋಣಿಯ ತುದಿಗಳನ್ನು ದಬ್ಬಣ ತಗೊಂಡು ಗಾದಿಯ ಹಾಗೆ ಹೊಲಿದೂಬಿಟ್ಟ. ನಾವು ತೊಯ್ದು ಮುದ್ದೆಯಾಗಿ ಮನೆ ಮುಟ್ಟಿದಾಗ ಅಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ.

"ನೀವೆಲ್ಲಾ ಹೊಲಕ್ಕ ಹೋಗಿಬಿಟ್ರಿ. ನಾ ಬಂದಿದ್ದಕ್ಕ ಉಳೀತು" ಅಂದ.

ನನಗೂ ಅದು ಸರಿಯೆನ್ನಿಸಿತು ಎಂದರೆ ನೀವು ನಗುತ್ತೀರಿ. ಹತ್ತಿ ಒಣಗಿರಬೇಕು ಎಂಬ ಮಾತು ರಕ್ತದಲ್ಲೇ ಇದ್ದ ಮನೆ ನಮ್ಮದು. ಗಂಡನ ಮನೆಯವರು ಬಿಲ್ಲು ಬಿಟ್ಟು ಎರಡು ತಲೆಮಾರಾಗಿದ್ದರೂ ಅವರಿಗೂ ಅದು ಅಷ್ಟೇ ಸಹಜ. ಒಕ್ಕಲಿಗರ ಮನೆಯಾಗಿದ್ದರೆ ಯಾರಾದರೂ, ತಿಪ್ಪೆಗೆ ಯಾರು ಹೊದಿಕೆ ಹಾಕುತ್ತಾರೆ ಎಂದು ಕೇಳುತ್ತಿದ್ದರು. ಪಿಂಜಾರರ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಮಳೆಗಾಲವಿಡೀ ಗಾಳಿಗೆ ಹೊದಿಕೆ ಸರಿದಾಗಲೆಲ್ಲ ಯಾರೋ ಒಬ್ಬರು ಹೋಗಿ ನೇರ ಮಾಡಿ ಬರುತ್ತಿದ್ದರು. ಒಂದು ಸಲ ಮಾವನೇ ಹೋಗಿ ಕಲ್ಲು ಇಟ್ಟು ಬಂದರು.

ದಸರೆ ಹೊತ್ತಿಗೆ, ಗೊಬ್ಬರ ಕಳಿತಿರಬೇಕು ಎಂದು ಹೊಲಿಗೆ ಬಿಚ್ಚಿದೆವು. ಒಳಗಿನಿಂದ ಒಂದು ಇಲಿ ಸಂಸಾರ ಸಮೇತ ಹೊರಬಿತ್ತು. ಅದರ ಹಿಂದೆ ಧೂಳು. ಕಸ ಬಂದ ದಿನ ಹೇಗಿತ್ತೋ ಹಾಗೇ ಇತ್ತು, ಒಣ ಒಣ, ಬೆಚ್ಚಗೆ, ಮಲಗಲಿಕ್ಕೆ ಬಂದಂತೆ. ಒಂದು ಮಳೆಗಾಲ ಪೂರ್ತಿ ಹೋಗಿತ್ತು, ಒಂದು ಬುಟ್ಟಿ ಗೊಬ್ಬರವಾಗಿರಲಿಲ್ಲ. ಮಾವ ಹಿತ್ತಲಿಗೆ ಬಂದು ನೋಡಿ, ಮೀಸೆಯೊಳಗೇ ನಕ್ಕು, "ಇನ್ನೊಂದ ಮಳಿಗಾಲ ಉಳೀತು ನೋಡಬೇ" ಎಂದು ಹೋದರು. ಆ ದಿನ ನನಗೆ ರೊಟ್ಟಿ ಸೇರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಗಂಡನ ಮೇಲೂ ರೇಗಿದೆ. ಪಾಪ, ಅವನು ಮಾಡಿದ್ದೇನೂ ಇರಲಿಲ್ಲ.

ಮರುದಿನ ಪಾತ್ರೆ ತೊಳೆಯುತ್ತ ಕೂತವಳಿಗೆ ಒಂದು ಮೂಲೆ ಕಂಡಿತು. ನಮ್ಮ ಬಚ್ಚಲ ನೀರು ಹಿತ್ತಲಿಗೆ ಹರಿದು ರಾಶಿಯ ಆ ತುದಿಗೆ ತಾಗಿ ಇಂಗುತ್ತಿತ್ತು. ಅಷ್ಟೇ ಜಾಗದಲ್ಲಿ ಒಂದು ಹೀರೆ ಬಳ್ಳಿ, ಯಾರೂ ಹಾಕದ್ದು, ಸೊಕ್ಕಿ ಗೋಡೆ ಏರಿತ್ತು. ಬಳ್ಳಿಯ ಬುಡಕ್ಕೆ ಕೈ ಹಾಕಿದೆ. ಕಸ ಇರಲಿಲ್ಲ. ಕರಿಯ, ಮೆತ್ತಗಿನ, ಪುಡಿಪುಡಿ ಮಣ್ಣು ಕೈತುಂಬ ಬಂತು. ಮೂಗಿಗೆ ಹಿಡಿದೆ, ಮೊದಲ ಮಳೆಯ ವಾಸನೆ. ಅಲ್ಲಿಂದ ಒಂದು ಗೇಣು ಆಚೆ ಒಣ ಹತ್ತಿ. ನಾನು ಪಾತ್ರೆ ಬಿಟ್ಟು ಎದ್ದು ನಿಂತೆ. ನಮ್ಮನ್ನು ಸೋಲಿಸಿದ್ದು ಹೊದಿಕೆ ಎಂದು ಆಗ ತಿಳಿಯಿತು. ತಿಳಿದ ಕೂಡಲೇ ನಗುವೂ ಬಂತು, ಅಪ್ಪನ ಮೇಲೆ ಸಿಟ್ಟೂ ಬಂತು.

ಅಪ್ಪನಿಗೆ ಹೇಳಿ ಕಳಿಸಿದೆ. ಬಸ್ಸಿಳಿದು ಬಂದವನು ನೇರ ಹಿತ್ತಲಿಗೆ ನಡೆದು, ರಾಶಿಗೆ ತೋಳುದ್ದ ಕೈ ಹಾಕಿ, ಹೊರಗೆ ತೆಗೆದು, ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ. "ಒಂದ ಹನಿ ಹೊಕ್ಕಿಲ್ಲ ನೋಡ್ರಿ. ಹೊಲಿಗಿ ಅಂದ್ರ ಹಿಂಗಿರ್ಬೇಕು!"

"ಯಪ್ಪಾ, ನನಗ ಇದು ಕೊಳೀಬೇಕಾಗಿತ್ತು."

ಅಪ್ಪ ನನ್ನ ಮುಖ ನೋಡಿದ. "ಏನಂದಿ?"

"ಕೊಳೀಬೇಕು. ತೋಯ್ಬೇಕು, ಮುಗ್ಗಬೇಕು, ಕಾಯಬೇಕು. ನೀ ಹುಟ್ಟಿದಾಗಿಂದ ಏನೇನ ಆಗಬಾರ್ದು ಅಂತೀದಿ, ಅಷ್ಟೂ ಆಗಬೇಕು. ಹತ್ತಿ ತುಳದ ತುಳದ ಗೊತ್ತಿದ್ದವ ನೀ ಒಬ್ಬಾಂವ. ನೀ ಬರ್ಬೇಕು."

"ಹತ್ತಿ ಕೊಳಸಾಕ ನನ್ನ ಕೈ ಬರಂಗಿಲ್ಲ. ಅನ್ನಾ ಕೊಟ್ಟಿದ್ದು ಅದು."

ಅವನ ಮಾತು ನನಗೆ ಅರ್ಥವಾಗುತ್ತಿತ್ತು. ಉಣ್ಣುವ ಅಗುಳನ್ನು ಕಾಲಲ್ಲಿ ತುಳಿ ಎಂದ ಹಾಗೆ ನಾನು ಕೇಳುತ್ತಿದ್ದೆ. ಆದರೂ ಬಿಡಲಿಲ್ಲ. "ಹಂಗಾರ ನಿನ್ನ ಅಳಿಯಗ ನಿನ್ನ ಪಡಸಾಲ್ಯಾಗ ಒಂದ ಗಾದಿ ಹಾಸಿಡು. ಮರಡಿ ಹೋತಂದ್ರ ಅವಾ ಅಲ್ಲೇ ಬರ್ತಾನ, ನಿನ್ನ ಮನಿ ಅಳಿಯಾ ಆಗಿ."

ಅಪ್ಪ ನನ್ನ ಗಂಡನ ಕಡೆ ನೋಡಿದ. ಗಂಡ ನೆಲ ನೋಡುತ್ತ ನಿಂತಿದ್ದ. ಅಪ್ಪನಿಗೆ ಅಳಿಯನ ಮೇಲೆ ಜೀವ. ಚಪ್ಪಲಿ ಬಿಟ್ಟು, ಪಾಯಜಾಮೆಯನ್ನು ಮೊಣಕಾಲಿಗೇರಿಸಿ, "ಬಿಸ್ಮಿಲ್ಲಾ" ಎಂದು ರಾಶಿಯ ಮೇಲೆ ಕಾಲಿಟ್ಟ. ನಾನು ನೀರು ತರುತ್ತೇನೆ ಎಂದು ಓಡಿದೆ.

ಹತ್ತಿ ನೀರು ಕುಡಿಯುವುದು ಸುಲಭವಲ್ಲ. ಕೊಡ ಸುರಿದರೆ ಹನಿಗಳು ಮುತ್ತಿನಂತೆ ಉರುಳಿ ಕೆಳಗೆ ಹೋಗುತ್ತಿದ್ದವು. ಅಪ್ಪ ಅದನ್ನು ನೋಡಿ ಗಾದಿಯ ಕೆಲಸಕ್ಕೇ ಇಳಿದ. ಒಂದು ಪದರ ಕಸ ಹರವಬೇಕು, ಮೇಲೆ ಕೊಟ್ಟಿಗೆಯಲ್ಲಿ ದನದ ಗಂಜಳ ಕುಡಿದ ಮಣ್ಣು, ಮೇಲೆ ಸೆಗಣಿ ಕಲಸಿದ ಹೆಂಡಿಯ ರಾಡಿ, ಆಮೇಲೆ ನೀರು ಚಿಮುಕಿಸುತ್ತ ಮೂಲೆಯಿಂದ ಮೂಲೆಗೆ ತುಳಿಯಬೇಕು. ಎಲ್ಲೂ ಗಂಟು ಉಳಿಯಬಾರದು, ಎಲ್ಲೂ ಟೊಳ್ಳು ಇರಬಾರದು. ಹಳ್ಳದಲ್ಲಿ ಆಗ ಇನ್ನೂ ನೀರಿತ್ತು, ನನ್ನ ಗಂಡ ಗಾಡಿಯ ಮೇಲೆ ಪೀಪಾಯಿ ಕಟ್ಟಿ ನೀರು ತಂದ. ಹೆಂಡಿ ಸಾಲದೆ ಬಂದಾಗ ನಾನು ತಲೆ ತಗ್ಗಿಸಿ ಬಬಲೇಶ್ವರದ ನೆಗೆಣ್ಣಿಯ ಆಡಿನ ಹಿಕ್ಕೆ ಕೇಳಿದೆ.

"ಬಂಗಾರ ಬೆಳಿಯಾಕ ನನ್ನ ಆಡಿನ ಹಿಕ್ಕಿ ಬೇಕಾತೇನು?" ಎಂದಳು. ಎಂದವಳು ಬುಟ್ಟಿ ತುಂಬಿ ತಾನೇ ಹೊತ್ತು ತಂದು ಹಾಕಿದಳು. ಮೂಲೆ ನೇರ, ಅಂಚು ನೇರ, ನೆತ್ತಿ ಸಪಾಟು ಇದ್ದ ನಮ್ಮ ರಾಶಿಯನ್ನು ನೋಡಿ, "ತಿಪ್ಪಿ ಅಲ್ಲಿದು, ದೆವ್ವಕ್ಕ ಗಾದಿ ಹಾಸ್ಯಾರ" ಎಂದು ಇಡೀ ಊರಿಗೆ ಸುದ್ದಿ ಮುಟ್ಟಿಸಿದಳು.

ಚಳಿ ಬಿದ್ದಿತು. ಹಳ್ಳದ ನೀರು ಇಳಿಯುತ್ತ ಬಂತು, ಪೀಪಾಯಿ ತುಂಬಲು ಗಾಡಿ ದಿನದಿನಕ್ಕೂ ದೂರ ಹೋಗಬೇಕಾಯಿತು. ರಾಶಿಯ ಒಳಗೆ ತೇವ ಸಾಲುತ್ತಿಲ್ಲ ಎಂದು ನನಗೆ ಕಳವಳ ಹತ್ತಿತು. ಮೊಮ್ಮಗುವಿನ ಸುಳಿವು ಸಿಕ್ಕಿ ಅಪ್ಪ ಮತ್ತೆ ಬಂದು ಉಳಿದಿದ್ದ. ಬೆಳಗಿನ ನಮಾಜಿಗೆಂದು ಎದ್ದು ಹಿತ್ತಲಿಗೆ ಹೋದವನು ನಿಂತಲ್ಲೇ ಕಿರುಚಿದ.

"ಬೆಂಕಿ! ಬೆಂಕಿ ಹತ್ತೇತಿ! ಓಡಿ ಬರ್ರಿ, ಹತ್ತಿಗೆ ಬೆಂಕಿ ಹತ್ತೇತಿ!"

ನಾನು ಓಡಿ ಬಂದು ನೋಡಿದರೆ ರಾಶಿಯ ಮೈಯೆಲ್ಲ ಹೊಗೆಯಾಡುತ್ತಿತ್ತು. ಬಿಳಿ ಹೊಗೆ, ನೆಟ್ಟಗೆ ಮೇಲೇಳುತ್ತಿತ್ತು. ಹತ್ತಿರ ಹೋಗಿ ಕೈ ಇಟ್ಟೆ. ಅಂಗೈ ತೇವವಾಯಿತು. ಅದು ಹೊಗೆಯಲ್ಲ, ಹಬೆ! ರಾಶಿ ಒಳಗೆ ಕಾದಿತ್ತು, ಬೇಯುತ್ತಿತ್ತು. ನನ್ನ ತಿಪ್ಪೆ ಬದುಕಿತ್ತು. ಅಪ್ಪಾ ಇದು ಬೆಂಕಿಯಲ್ಲ ಎಂದು ಹೇಳಲು ತಿರುಗುವುದರೊಳಗೆ ಓಣಿಯೇ ಹಿತ್ತಲಿಗೆ ನುಗ್ಗಿತು. ಹತ್ತಿಯ ಬೆಂಕಿ ಎಂದರೆ ತಿಕೋಟಾದಲ್ಲಿ ಯಾರೂ ಮಲಗಿರುವವರಲ್ಲ. ಗಂಡಸರು, ಹೆಂಗಸರು, ಕೈಗೆ ಸಿಕ್ಕ ಕೊಡ, ಬಿಂದಿಗೆ, ಘಾಗರ. ಸ್ನಾನಕ್ಕೆ ಕಾಸಿದ ಬಿಸಿನೀರನ್ನೇ ಎತ್ತಿಕೊಂಡು ಬಂದವರೂ ಇದ್ದರು. ಬಬಲೇಶ್ವರದ ನೆಗೆಣ್ಣಿ ಎರಡೂ ಕಂಕುಳಲ್ಲಿ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ಇದ್ದಳು.

ಯಾರನ್ನೂ ನಾನು ತಡೆಯಲಿಲ್ಲ. ಎರಡು ತಿಂಗಳಿಂದ ಹನಿಹನಿಗೆ ಬಾಯಿಬಿಟ್ಟವಳ ಮನೆಗೆ ಊರೇ ನೀರು ಹೊತ್ತು ತಂದರೆ ಬೇಡವೆನ್ನಲು ನನಗೇನು ಹುಚ್ಚೇ? ಸೆರಗು ಸೊಂಟಕ್ಕೆ ಕಟ್ಟಿ ನಡುವೆ ನಿಂತೆ. "ಈ ಕಡೆ ಹಾಕ್ರಿ! ನಡುವ ಹಾಕ್ರಿ, ನಡುವ ಭಾಳ ಐತಿ! ಇನ್ನೊಂದೀಟು ಬರ್ಲಿ!" ನೀರು ಬಿದ್ದಷ್ಟೂ ಹಬೆ ಹೆಚ್ಚಾಯಿತು, ಹಬೆ ಹೆಚ್ಚಾದಷ್ಟೂ ಕೊಡ ಹೆಚ್ಚಾದವು. ಕೊನೆಗೆ ಮಾವ ಬಂದು ಜನರನ್ನು ಸರಿಸಿ, ಕಬ್ಬಿಣದ ಹಾರೆಯನ್ನು ರಾಶಿಗೆ ತಿವಿದು, ತುಸು ತಡೆದು ಹೊರಗೆಳೆದರು. ತುದಿ ಮುಟ್ಟಿ ಫಕ್ಕನೆ ಕೈ ಬಿಟ್ಟರು. ಒಂದು ಕಿಡಿಯಿಲ್ಲ, ಒಂದು ಬೂದಿಯಿಲ್ಲ. ನನ್ನ ಕಡೆ ತಿರುಗಿದರು. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

"ಒಲಿ ಇಲ್ದ ಕಾದೈತಲ್ಲೋ ಇದು" ಎಂದರು ಮಾವ, ತಮಗೇ ಹೇಳಿಕೊಂಡಂತೆ.

ಊರವರಿಗೆ ವಿಷಯ ತಿಳಿದು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ ಚಳಿಗಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಅದೇ ಜನ ನಮ್ಮ ಹಿತ್ತಲಿಗೆ ಬಂದು ತಿಪ್ಪೆಗೆ ಬೆನ್ನು ಕೊಟ್ಟು ಮೈ ಕಾಯಿಸಿಕೊಂಡು ಹೋಗುತ್ತಿದ್ದರು. ರಾಶಿ ತಣ್ಣಗಾದಾಗ ನಾವು ಅದನ್ನು ಕಿತ್ತು, ಹೊರಗಿನದು ಒಳಗಾಗುವಂತೆ ತಿರುವಿ ಹಾಕುತ್ತಿದ್ದೆವು. ಮತ್ತೆ ಕಾಯುತ್ತಿತ್ತು. ಮನೆಯೆತ್ತರವಿದ್ದದ್ದು ಎದೆಯೆತ್ತರಕ್ಕೆ, ಆಮೇಲೆ ಸೊಂಟದೆತ್ತರಕ್ಕೆ ಕುಸಿಯಿತು. ಬೂದಿಬಣ್ಣ ಹೋಗಿ ಕಂದು ಬಂತು, ಕಂದು ಹೋಗಿ ಕರಿ ಬಂತು. ಯುಗಾದಿ ಕಳೆದು ಕೈ ಹಾಕಿದರೆ ಎಳೆ ಎಲ್ಲಿ, ಸಿಪ್ಪೆ ಎಲ್ಲಿ, ಒಂದೂ ಗುರುತು ಸಿಗಲಿಲ್ಲ. ಅಪ್ಪ ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಹಿಂಜಿ ಹಿಂಜಿ ನೋಡಿದ. "ನನ್ನ ಜಲ್ಮದಾಗ ಇಷ್ಟ ಸಣ್ಣಾಗಿ ಹಿಂಜಿಲ್ಲ ಬಿಡಬೇ" ಎಂದ.

ಗಾಡಿಯಲ್ಲಿ ಹೇರಿ ಮರಡಿಗೆ ಒಯ್ದೆವು. ನಾನು ತುಂಬಿದ ಬಸುರಿ, ಬುಟ್ಟಿ ಹೊರಗೊಡಲಿಲ್ಲ. ಬದುವಿನ ಮೇಲೆ ಕೂತು, ಇಲ್ಲಿ ಕಡಿಮೆಯಾಯಿತು, ಅಲ್ಲಿ ಹೆಚ್ಚಾಯಿತು ಎಂದು ಗಂಡನ ತಲೆ ತಿಂದೆ. ಕೆಂಪು ಮರಡಿ ಮೇಲೆ ಕರಿ ಹರಡಿಕೊಂಡಿತು. ಮಿರಗ ಸುರಿಯಿತು, ಸಜ್ಜೆ ಬಿತ್ತಿ ನಡುನಡುವೆ ತೊಗರಿ ಸಾಲು ಹಾಕಿದೆವು. ರಾಶಿಯ ಅಂಚಿನಲ್ಲಿ ಕಾವು ತಾಗದೆ ಉಳಿದಿದ್ದ ಕೆಲವು ಹತ್ತಿ ಕಾಳುಗಳೂ ಸಜ್ಜೆಯ ಜೊತೆ ಎದ್ದು ನಿಂತವು. ನಾನು ಕೀಳಲು ಬಿಡಲಿಲ್ಲ, ಅವೂ ದಣಿದು ಬಂದ ಜೀವಗಳು.

ಸಜ್ಜೆ ಮೊಣಕಾಲಿಗೆ ಬಂದಿತು. ಪ್ರತಿವರ್ಷ ಅದು ನಿಲ್ಲುತ್ತಿದ್ದ ಜಾಗ. ಸರಿಯಾಗಿ ಆ ಹೊತ್ತಿಗೇ ಮಳೆ ಮಾಯವಾಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಮುಗಿಲು ನೋಡುತ್ತ ವಾರಗಳು ಕಳೆದವು. ಸುತ್ತಲಿನ ಮರಡಿ ಹೊಲಗಳಲ್ಲಿ ಸಜ್ಜೆಯ ಎಲೆ ಸುರುಳಿಯಾಗಿ ಸುಟ್ಟಿತು. ನಾನು ಹಡೆದು ಮನೆಯಲ್ಲಿದ್ದೆ, ಹೊಲಕ್ಕೆ ಹೋಗುವಂತಿರಲಿಲ್ಲ. ಸಂಜೆ ಬಂದ ಗಂಡನ ಮುಖವನ್ನೇ ನೋಡುವುದು ನನ್ನ ಕೆಲಸ. ಅವನು ಏನೂ ಹೇಳುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಅವನ ಬದಲು ಮಾವ ಬಾಗಿಲಿಗೆ ಬಂದರು. ಮುಷ್ಟಿ ಬಿಚ್ಚಿ, ಕೂಸಿನ ತೊಟ್ಟಿಲ ಪಕ್ಕ ಒಂದು ಹಿಡಿ ಮಣ್ಣು ಇಟ್ಟರು. ಕರಿ ಮಣ್ಣು, ಒತ್ತಿದರೆ ಉಂಡೆಯಾಗುವಷ್ಟು ಹಸಿ.

"ಮರಡಿದು ಬೇ" ಎಂದರು. "ಮ್ಯಾಲ ಒಣಗೇತಿ, ಬೆರಳ ಹಾಕಿದ್ರ ಒಳಗ ಹಸೀನ ಐತಿ. ಬಾಜೂದ ಹೊಲಾ ಬೆಂಕಿ ಹಚ್ಚಿದಂಗ ಆಗೇತಿ, ನಮ್ಮ ಸಜ್ಜಿ ನಿಂತೈತಿ. ನಾ ಅರವತ್ತ ವರ್ಷ ಆ ಹೊಲಾ ನೋಡೇನಿ. ಹಿಂಗ ನೋಡಿಲ್ಲ."

ಮಾವ ಮರಡಿಯನ್ನು ಹೊಗಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವರು ಹೋದ ಮೇಲೆ ಆ ಮಣ್ಣನ್ನು ಎತ್ತಿಡಲು ಮನಸ್ಸಾಗದೆ ತೊಟ್ಟಿಲ ಪಕ್ಕದಲ್ಲೇ ಬಿಟ್ಟೆ. ಅತ್ತೆ ಬೈದು ಗುಡಿಸಿದರು.

ಆಮೇಲೆ ಮಳೆ ತಡವಾಗಿ ಬಂದಿತು. ಬೇರೆ ಮರಡಿಗಳಿಗೆ ಅದು ಬಂದೂ ಪ್ರಯೋಜನವಿರಲಿಲ್ಲ. ನಮ್ಮ ಸಜ್ಜೆ ಅದಕ್ಕೇ ಕಾಯುತ್ತಿದ್ದ ಹಾಗೆ ಕುಡಿದು ಎದ್ದಿತು. ಸೊಂಟ ದಾಟಿತು, ಭುಜ ದಾಟಿತು. ತೆನೆ ಮೊಳದುದ್ದ, ಕಾಳು ಒತ್ತೊತ್ತಾಗಿ ಕೂತಿದ್ದವು. ಕನಮಡಿ, ಹೊನವಾಡದ ಕಡೆಯ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಹಾಕಿ ಕೇಳುತ್ತಿದ್ದರಂತೆ, ಅದು ಯಾರ ಹೊಲ ಎಂದು. ಬಬಲೇಶ್ವರದ ನೆಗೆಣ್ಣಿ ಒಂದು ಮಧ್ಯಾಹ್ನ ಬಂದು ಕೂಸನ್ನು ಎತ್ತಿಕೊಂಡು, ಅದರೊಂದಿಗೇ ಮಾತಾಡುವವಳ ಹಾಗೆ, "ನಿಮ್ಮವ್ವಗ ಹೇಳಪಾ, ನನ್ನ ಮೆಣಸಿನಕಾಯಿ ಮಡಿಗೆ ನಾಕ ಬುಟ್ಟಿ ಕೊಡ ಅಂತ" ಎಂದಳು. ತಿಪ್ಪೆ ಹೋಗಿ ಉಪ್ಪರಿಗೆಯಾಗುವುದು ಎಂದರೆ ಇದೇ. ನಾನು ನಾಲ್ಕು ಬುಟ್ಟಿಯಲ್ಲ, ಹಿತ್ತಲಲ್ಲಿ ಉಳಿದಿದ್ದರಲ್ಲಿ ಒಂದು ಗಾಡಿ ಕೊಟ್ಟೆ. ಬೆಂಕಿಯ ದಿನ ಎರಡು ಕೊಡ ಹೊತ್ತು ಮೊದಲು ಓಡಿ ಬಂದವಳು ಅವಳೇ ಅಲ್ಲವೇ?

ತೆನೆ ಮುರಿಯುವ ದಿನ ಗುತ್ತೇದಾರನ ಜೀಪು ಬಂತು. ಎರಡು ಮಳೆಗಾಲ ತಡೆ ಎಂದು ಮಾವ ಆಗಲೇ ಅವನಿಗೆ ಹೇಳಿ ಕಳಿಸಿದ್ದರು. ಅವು ಮುಗಿದಿದ್ದವು, ಅವನು ಮರೆತಿರಲಿಲ್ಲ. ನಾನು ಕೂಸನ್ನು ಬದುವಿನ ಜೋಲಿಯಲ್ಲಿ ಹಾಕಿ ತೆನೆ ಮುರಿಯುತ್ತಿದ್ದೆ. ಸಜ್ಜೆಯ ನಡುವೆ ನಿಂತ ನನಗೆ ರಸ್ತೆ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಗುತ್ತೇದಾರ ಮಾವನಿಗೆ ಹೇಳುತ್ತಿದ್ದ: ಬೆಳೆ ತೆಗೆದುಕೊಳ್ಳಿ, ಅವಸರವಿಲ್ಲ, ರಾಶಿಯಾದ ಮೇಲೆ ಅಗೆಯುತ್ತೇವೆ, ಹಿರಿಯರಾದ ನೀವು ಒಂದು ಹೂಂ ಅಂದರೆ ಸಾಕು.

ನನ್ನ ಕೈ ನಿಂತಿತು. ಗಂಡನ ಕೈಯೂ ನಿಂತಿತು. ಇಷ್ಟು ಬೆಳೆದ ಮೇಲೆಯೂ ಹೂಂ ಎನ್ನುವ ಹಕ್ಕು ಮಾವನದೇ. ಮನೆಯ ಯಜಮಾನ ಅವರು, ಹೊಲ ಅವರ ಹೆಸರಿನಲ್ಲಿತ್ತು. ಬೀಡಿ ಹಚ್ಚುವ ಕಡ್ಡಿಯ ಸಪ್ಪಳ ಕೇಳಿತು.

"ನನ್ನ ಯಾಕ ಕೇಳ್ತೀರಿ?" ಎಂದರು ಮಾವ. "ಈ ಹೊಲಾ ನಂದಲ್ರಿ. ಕಲ್ಲಿದ್ದಾಗ ನಂದಿತ್ತು. ಈಗಿಂದು ನಮ್ಮ ಸಣ್ಣ ಸೊಸಿದು, ಮಣ್ಣ ಮಾಡಿದಾಕಿ ಆಕಿ. ಅಲ್ಲೇ ಒಳಗದಾಳ, ಕರೀತೇನಿ, ಆಕಿನ್ನ ಕೇಳ್ರಿ."

ತೆನೆಗಳನ್ನು ಎರಡೂ ಕೈಯಿಂದ ಸರಿಸಿಕೊಂಡು ರಸ್ತೆಗೆ ಬಂದೆ. ಕುಡುಗೋಲು ಕೈಯಲ್ಲೇ ಇತ್ತು, ಉಡಿಯ ತುಂಬ ತೆನೆ. ಪರ ಗಂಡಸಿನ ಮುಂದೆ ತಲೆ ಮೇಲೆ ಸೆರಗು ಎಳೆದುಕೊಳ್ಳಬೇಕು, ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಮಾವ ತಪ್ಪು ತಿಳಿಯಲಿಲ್ಲ, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಗುತ್ತೇದಾರ ನನ್ನನ್ನೂ ಮಾವನನ್ನೂ ನೋಡಿ, "ಏನ್ರಿ ತಂಗೀ, ಮುರುಮು ಕೊಡ್ತೀರೇನು?" ಎಂದು ಕೇಳಿದ.

ಬಾಯಿ ಬಡುಕಿ ಎಂದು ಹೆಸರಾದ ನನಗೆ ಆಗ ಒಂದೇ ಶಬ್ದ ಸಿಕ್ಕಿತು.

"ಇಲ್ಲರಿ" ಎಂದೆ. ಜೀಪು ತಿರುಗಿ ವಿಜಾಪುರದ ದಾರಿ ಹಿಡಿದ ಮೇಲೆ ನನ್ನ ಹಿಂದೆ ಸಜ್ಜೆಯೊಳಗಿಂದ, ಮಾತು ಕಡಿಮೆಯ ನನ್ನ ಗಂಡ ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ ನಕ್ಕ.